ಮಕ್ಕಳಿಗೆ ಲೋಕದ ಪರಿಚಯ: ವೇಷ ಸಾಕು, ಕಥೆ–ಹಾಡು ಬರಲಿ

ಮಾನ್ಯ ಸಂಪಾದಕರೇ,

ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ಈಚಿನ ವರ್ಷಗಳಲ್ಲಿ ‘ವಿಶ್ವ ಸಂಸ್ಕೃತಿ ದರ್ಶನ’ ಎಂಬಂಥ ಕಾರ್ಯಕ್ರಮವೊಂದು ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಪಟ್ಟಣದ ಖಾಸಗಿ ಶಾಲೆಗಳಲ್ಲಿ ಶುರುವಾದ ಈ ರೂಢಿ ಈಗ ಹಳ್ಳಿಯ ಶಾಲೆಗಳಿಗೂ ಬಂದಿದೆ. ಒಂದು ಮಗು ಅಮ್ಮನ ರೇಷ್ಮೆ ಸೀರೆಯನ್ನು ಸುತ್ತಿಕೊಂಡು ಜಪಾನ್ ಆಗುತ್ತದೆ, ಇನ್ನೊಂದು ಅಗಲವಾದ ರಟ್ಟಿನ ಟೋಪಿ ಹಾಕಿಕೊಂಡು ಮೆಕ್ಸಿಕೊ ಆಗುತ್ತದೆ. ಪ್ರತಿಯೊಬ್ಬರೂ ಮೈಕಿನ ಮುಂದೆ ಆಯಾ ದೇಶದ ರಾಜಧಾನಿ, ನಾಣ್ಯ, ಬಾವುಟದ ಬಣ್ಣ ಇಷ್ಟನ್ನು ಒಪ್ಪಿಸಿ ವೇದಿಕೆ ಇಳಿಯುತ್ತಾರೆ. ನಮ್ಮ ಜಿಲ್ಲೆಯ ಶಾಲೆಯೊಂದರಲ್ಲಿ ನಾನು ನೋಡಿದ ಇಂಥ ಕಾರ್ಯಕ್ರಮದಲ್ಲಿ ‘ಆಫ್ರಿಕಾ’ ಎಂಬ ಫಲಕ ಹಿಡಿದು ಬಂದ ಹುಡುಗನ ಮುಖಕ್ಕೂ ಕೈಗಳಿಗೂ ಕಾಡಿಗೆ ಬಳಿದು, ಸೊಂಟಕ್ಕೆ ಮಾವಿನ ಸೊಪ್ಪು ಕಟ್ಟಿದ್ದರು. ಅವನು ಅರ್ಥವಿಲ್ಲದ ಕೂಗು ಹಾಕಿ ಕುಣಿದಾಗ ಸಭೆಯೆಲ್ಲ ನಕ್ಕಿತು. ಅದೇ ಸಭೆಯ ಮುಂದಿನ ಸಾಲಿನಲ್ಲಿ, ಜಮಖಾನದ ಮೇಲೆ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಕೂತಿದ್ದರು. ಅವರಲ್ಲಿ ಯಾರೂ ನಗಲಿಲ್ಲ.

ಯಾರನ್ನೂ ದೂರುವುದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಆ ಕಾರ್ಯಕ್ರಮ ಸಿದ್ಧಪಡಿಸಿದ ಶಿಕ್ಷಕರು ಮಕ್ಕಳಿಗೆ ಲೋಕವನ್ನು ತೋರಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ರಾತ್ರಿಯೆಲ್ಲ ಕುಳಿತು ರಟ್ಟು ಕತ್ತರಿಸಿದ್ದರು. ನನ್ನ ವೃತ್ತಿಜೀವನವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಕಳೆದಿರುವುದರಿಂದ ಅವರ ಕಷ್ಟ ನನಗೆ ಗೊತ್ತು. ಆದರೆ ಅದೇ ಅನುಭವದ ಬಲದ ಮೇಲೆ ಒಂದು ಮಾತು ಹೇಳಬಯಸುತ್ತೇನೆ. ದೂರದ ಜನರ ಬದುಕನ್ನು ಎಂಟು–ಹತ್ತು ವರ್ಷದ ಮಗುವಿಗೆ ಪರಿಚಯಿಸಬೇಕಾದರೆ ಆ ಜನ ತಮ್ಮ ಮಕ್ಕಳಿಗೆ ಹೇಳುವ ಕಥೆ, ತಾವು ಕೂಡಿ ಹಾಡುವ ಹಾಡು ಇವೆರಡಕ್ಕಿಂತ ಒಳ್ಳೆಯ ದಾರಿ ಇಲ್ಲ. ಅವನ್ನು ಒಂದೊಂದಾಗಿ, ಅವಸರವಿಲ್ಲದೆ, ಅವರು ಹೇಳುವ ಮತ್ತು ಹಾಡುವ ಕ್ರಮವನ್ನೂ ಕೂಡಿಸಿಯೇ ಕಲಿಸಬೇಕು. ಒಂದು ಸಂಜೆಯಲ್ಲಿ ಹತ್ತು ದೇಶ ಮುಗಿಸುವುದಕ್ಕಿಂತ ಒಂದು ಜನಸಮುದಾಯದ ಒಂದೇ ಕಥೆಯ ಜೊತೆ ಮಕ್ಕಳು ಒಂದು ತಿಂಗಳು ಇದ್ದರೂ ಆ ತಿಂಗಳು ವ್ಯರ್ಥವಾಗುವುದಿಲ್ಲ.

ಮಾತು ಹಾರಿಕೆಯದಾಗಬಾರದೆಂದು ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ. ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಅಕಾನ್ ಎಂಬ ದೊಡ್ಡ ಜನಸಮುದಾಯವಿದೆ. ಅಶಾಂಟಿ, ಫಾಂಟೆ ಮೊದಲಾದವರು ಇದಕ್ಕೆ ಸೇರಿದವರು. ಇವರ ಕಥೆಗಳ ನಾಯಕ ಅನಾನ್ಸೆ ಎಂಬ ಜೇಡ. ಗಾತ್ರದಲ್ಲಿ ಸಣ್ಣವನು, ಬುದ್ಧಿಯಲ್ಲಿ ಚುರುಕು, ಜೊತೆಗೆ ಆಸೆಬುರುಕ, ಸೋಮಾರಿ, ಎಷ್ಟೋ ಸಲ ತಾನು ತೋಡಿದ ಗುಂಡಿಗೆ ತಾನೇ ಬೀಳುವವನು. ಒಂದಾನೊಂದು ಕಾಲದಲ್ಲಿ ಲೋಕದ ಕಥೆಗಳೆಲ್ಲ ಆಕಾಶದೇವನಾದ ನ್ಯಾಮೆಯ ವಶದಲ್ಲಿದ್ದವಂತೆ. ಅವನ್ನು ಕೊಳ್ಳಲು ಹೋದ ಅನಾನ್ಸೆಗೆ ಅವನು ಹೆಬ್ಬಾವು, ಚಿರತೆ, ಕಡಜಗಳ ಹಿಂಡು, ಕಾಡಿನ ಮಾಯಾವಿ ಕುಳ್ಳಿ ಇವಿಷ್ಟನ್ನು ಹಿಡಿದು ತರುವುದೇ ಬೆಲೆ ಎಂದ. ಅನಾನ್ಸೆ ಹೆಂಡತಿ ಅಸೊ ಹೇಳಿಕೊಟ್ಟ ಉಪಾಯದಂತೆ ಒಂದು ಕೋಲು ಹಿಡಿದು ಹೆಬ್ಬಾವಿನ ಬಳಿಗೆ ಹೋಗಿ, ಅದು ಕೋಲಿಗಿಂತ ಉದ್ದವೋ ಗಿಡ್ಡವೋ ಎಂದು ಮನೆಯಲ್ಲಿ ಜಗಳವಾಗಿದೆ ಎಂದು ನಂಬಿಸಿದ. ಅಳತೆಗೆಂದು ಪಕ್ಕದಲ್ಲಿ ಚಾಚಿ ಮಲಗಿದ ಹಾವನ್ನು ಬಳ್ಳಿಯಿಂದ ಬಿಗಿದ. ಕಡಜಗಳ ಮೇಲೆ ನೀರು ಚೆಲ್ಲಿ, ತನ್ನ ತಲೆಯ ಮೇಲೆ ಬಾಳೆಯೆಲೆ ಹಿಡಿದುಕೊಂಡು, ‘ಮಳೆ ಬಂತು, ಈ ಬುರುಡೆಯೊಳಗೆ ಬನ್ನಿ’ ಎಂದು ಕರೆದು ಸೋರೆಬುರುಡೆಯ ಬಾಯಿ ಮುಚ್ಚಿದ. ಚಿರತೆಗೆ ಗುಂಡಿ ತೋಡಿದ, ಕುಳ್ಳಿಗೆ ಅಂಟು ಬಳಿದ ಗೊಂಬೆ ನಿಲ್ಲಿಸಿದ. ಕೇಳಿದ ಬೆಲೆಯೆಲ್ಲ ಬಂದುದನ್ನು ಕಂಡ ಆಕಾಶದೇವ, ಇನ್ನು ಮುಂದೆ ಈ ಕಥೆಗಳೆಲ್ಲ ಅನಾನ್ಸೆಯವು ಎಂದು ಸಾರಿದ.

ಕಥೆಯಷ್ಟೇ ಮುಖ್ಯವಾದದ್ದು ಅದನ್ನು ಹೇಳುವ ರೀತಿ. ಅಕಾನ್ ಕಥೆಗಾರರು ಶುರುವಿಗೇ, ನಾವು ಹೇಳಲಿರುವುದು ನಿಜವೆಂದು ಹೇಳುತ್ತಿಲ್ಲ ಎಂದು ಕೇಳುಗರಿಗೆ ತಿಳಿಸುವ ಸಂಪ್ರದಾಯವಿದೆ. ಮುಗಿಸುವಾಗ, ನನ್ನ ಕಥೆ ಸಿಹಿಯಾಗಿದ್ದರೂ ಇಲ್ಲದಿದ್ದರೂ ಸ್ವಲ್ಪ ನೀವು ಒಯ್ಯಿರಿ, ಸ್ವಲ್ಪ ನನಗೆ ಮರಳಿ ಬರಲಿ ಎಂಬ ಅರ್ಥದ ಮಾತು ಹೇಳುತ್ತಾರೆ. ನಡುವೆ ‘ಮ್ಮೊಗುವೊ’ ಎಂಬ ಹಾಡುಗಳು ಬರುತ್ತವೆ. ಕಥೆ ಒಂದು ಘಟ್ಟಕ್ಕೆ ಬಂದಾಗ ಕೇಳುಗರಲ್ಲಿ ಯಾರಾದರೂ ಅಡ್ಡ ಬಂದು, ಆ ಹೊತ್ತಿಗೆ ತಾನೂ ಅಲ್ಲಿಯೇ ಇದ್ದೆನೆಂಬಂತೆ ಹಾಡು ಎತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ದನಿಗೂಡಿಸುತ್ತಾರೆ, ಹಾಡು ಮುಗಿದ ಮೇಲೆ ಕಥೆ ಮುಂದೆ ಸಾಗುತ್ತದೆ. ಕೇಳುವವರು ಸುಮ್ಮನೆ ಕೂರುವಂತಿಲ್ಲ. ಇದು ನಮಗೆ ಅಪರಿಚಿತವೂ ಅಲ್ಲ. ನಮ್ಮ ಅಜ್ಜಿಯರು ಕಥೆ ಹೇಳುವಾಗ ಮಕ್ಕಳು ‘ಹೂಂ’ಗುಟ್ಟದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಮಲೆ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರಲ್ಲಿಯೂ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಲ್ಲಿಯೂ ಮಾತು ಮತ್ತು ಹಾಡು ಒಂದನ್ನೊಂದು ಹಿಡಿದುಕೊಂಡು ಸಾಗುತ್ತವೆ, ಮುಖ್ಯ ಗಾಯಕರು ಬಿಟ್ಟ ಸಾಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಹೀಗಿರುವಾಗ ಘಾನಾದ ಕಥೆಯನ್ನು ಪಾಠದ ಹಾಗೆ ಓದಿ, ಕೆಳಗೆ ‘ನೀತಿ’ ಬರೆಸಿ ಮುಗಿಸಿದರೆ ಮಕ್ಕಳಿಗೆ ಆ ಜನರ ಬಗ್ಗೆ ಏನೂ ತಿಳಿದಂತಾಗುವುದಿಲ್ಲ.

ಘಾನಾದ ನಾಟಕಕಾರ್ತಿ ಎಫುವಾ ಸದರ್ಲೆಂಡ್ ಈ ವಿಚಾರದಲ್ಲಿ ಮಾಡಿದ ಕೆಲಸವನ್ನು ನಮ್ಮ ಶಿಕ್ಷಕರು ತಿಳಿದುಕೊಂಡರೆ ಒಳ್ಳೆಯದು. 1957ರಲ್ಲಿ ದೇಶ ಸ್ವತಂತ್ರವಾದ ನಂತರ ಅವರು ರಾಜಧಾನಿ ಆಕ್ರಾದಲ್ಲಿ ರಂಗಶಾಲೆ ಕಟ್ಟಿ ಅಷ್ಟಕ್ಕೇ ನಿಲ್ಲಲಿಲ್ಲ. ಎಕುಂಫಿ ಅಟ್ವಿಯಾ ಎಂಬ ಹಳ್ಳಿಯಲ್ಲಿ ಅಲ್ಲಿನ ಜನರೊಂದಿಗೆ ಸೇರಿ ‘ಕೊಡ್ಜಿಡಾನ್’ ಎಂಬ ಕಥಾಮನೆಯನ್ನು ಕಟ್ಟಿಸಿದರು. ಊರಿನವರು ಕಥೆ ಹೇಳುವುದಕ್ಕೆ, ಕೇಳುವುದಕ್ಕೆ, ನಡುವೆ ಎದ್ದು ಹಾಡುವುದಕ್ಕೆ ಎಂದೇ ಕಟ್ಟಿದ ಜಾಗ ಅದು. ಅದೇ ಹಾಡು–ಕಥೆಗಳ ಕ್ರಮವನ್ನು ಅವರು ಆಧುನಿಕ ನಾಟಕಕ್ಕೂ ತಂದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಎಂಬ ರಂಗಸಂಸ್ಥೆ ಬೆಳೆದುದನ್ನು ಕಂಡಿರುವ ನಮಗೆ ಈ ಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ.

ನಾನು ಸೇವೆಯಲ್ಲಿದ್ದಾಗ ಅನಾನ್ಸೆಯ ಇನ್ನೊಂದು ಪ್ರಸಿದ್ಧ ಕಥೆಯನ್ನು ನಾಲ್ಕನೆಯ ತರಗತಿಯಲ್ಲಿ ಹೇಳುತ್ತಿದ್ದೆ. ಲೋಕದ ಜಾಣತನವನ್ನೆಲ್ಲ ತಾನೊಬ್ಬನೇ ಇಟ್ಟುಕೊಳ್ಳಬೇಕೆಂದು ಅನಾನ್ಸೆ ಅದನ್ನು ಒಂದು ಗಡಿಗೆಯಲ್ಲಿ ತುಂಬಿ, ಎತ್ತರದ ಮರದ ತುದಿಯಲ್ಲಿ ಬಚ್ಚಿಡಲು ಹೊರಡುತ್ತಾನೆ. ಗಡಿಗೆಯನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡಿದ್ದರಿಂದ ಮರವನ್ನು ತಬ್ಬಲಾಗದೆ ಮತ್ತೆ ಮತ್ತೆ ಜಾರುತ್ತಾನೆ. ಕೆಳಗೆ ನಿಂತು ನೋಡುತ್ತಿದ್ದ ಮಗ ‘ಅಪ್ಪಾ, ಗಡಿಗೆಯನ್ನು ಬೆನ್ನಿಗೆ ಕಟ್ಟಿಕೊಳ್ಳಬಾರದೇ?’ ಎನ್ನುತ್ತಾನೆ. ಎಲ್ಲ ಜಾಣತನ ತನ್ನ ಗಡಿಗೆಯಲ್ಲೇ ಇದೆಯೆಂದುಕೊಂಡವನಿಗೆ ಇಷ್ಟು ಸಣ್ಣ ಹುಡುಗನಲ್ಲಿಯೂ ಒಂದಿಷ್ಟು ಉಳಿದಿರುವುದು ಕಂಡು ಸಿಟ್ಟು ಬರುತ್ತದೆ, ಗಡಿಗೆ ಕೈತಪ್ಪಿ ಬಿದ್ದು ಒಡೆಯುತ್ತದೆ, ಜಾಣತನ ಲೋಕದ ತುಂಬ ಚೆಲ್ಲಾಪಿಲ್ಲಿಯಾಗಿ ಎಲ್ಲರಿಗೂ ಅಷ್ಟಷ್ಟು ಸಿಗುತ್ತದೆ.

ಈ ಕಥೆ ಹೇಳುವಾಗ ನಾನು ತರಗತಿಗೆ ಒಂದು ಖಾಲಿ ಬಿಂದಿಗೆಯನ್ನೂ ಹಳೆಯ ಪಂಚೆಯನ್ನೂ ಒಯ್ಯುತ್ತಿದ್ದೆ. ಮಕ್ಕಳು ಸರದಿಯಲ್ಲಿ ಬಿಂದಿಗೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಅಂಗಳದ ಕಂಬ ಹತ್ತಲು ನೋಡುತ್ತಿದ್ದರು. ಒಮ್ಮೆ, ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವವರ ಮನೆಯ ಹುಡುಗ ಎದ್ದು ನಿಂತು, ಮರ ಹತ್ತುವವರು ಎದೆ–ಹೊಟ್ಟೆಯ ಮುಂದೆ ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದ. ಕಾಲಿಗೆ ತಳೆ ಹೇಗೆ ಹಾಕಿಕೊಳ್ಳಬೇಕು, ಕತ್ತಿ ಎಲ್ಲಿ ಸಿಕ್ಕಿಸಿಕೊಳ್ಳಬೇಕು, ಮರಕ್ಕೆ ಎಷ್ಟು ಹತ್ತಿರವಾಗಿ ಮೈ ಇಡಬೇಕು ಎಂಬುದನ್ನೆಲ್ಲ ಹಗ್ಗದ ತುಂಡು ತಂದು ಮಾಡಿ ತೋರಿಸಿದ. ಓದಿನಲ್ಲಿ ಹಿಂದೆ ಎಂದು ಎಲ್ಲರೂ ತೀರ್ಮಾನಿಸಿದ್ದ ಹುಡುಗ ಅವನು. ಗಡಿಗೆ ಜಾರುವ ಜಾಗದಲ್ಲಿ ಹುಡುಗಿಯರು ತಮ್ಮ ಕೋಲಾಟದ ಧಾಟಿಯಲ್ಲಿ ‘ಜಾರಿತಪ್ಪೋ ಜಾರಿತು, ಗಡಿಗೆ ಕೆಳಗೆ ಜಾರಿತು’ ಎಂದು ತಾವೇ ಒಂದು ಪಲ್ಲವಿ ಕಟ್ಟಿದರು. ಇದು ಘಾನಾದ ಹಾಡಲ್ಲ, ನಮ್ಮದು. ಕಥೆಯ ನಡುವೆ ಹಾಡು ತರುವ ಕ್ರಮವಷ್ಟೇ ಅವರದು ಎಂದು ಮಕ್ಕಳಿಗೆ ಬಿಡಿಸಿ ಹೇಳಿದ್ದೆ. ಆಮೇಲೆ ಘಾನಾದ ಮಕ್ಕಳೇ ಹಾಡಿದ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಕೇಳಿಸಿದಾಗ ಅವರು ಮೊದಲು ಗುರುತಿಸಿದ್ದು ಚಪ್ಪಾಳೆಯನ್ನು. ನಮ್ಮ ಕೋಲಿನ ಪೆಟ್ಟು ಬೀಳುವ ಜಾಗದಲ್ಲಿ ಅವರ ಚಪ್ಪಾಳೆ ಬೀಳುತ್ತಿಲ್ಲ, ಅದು ಬೇರೆಡೆ ಬೀಳುತ್ತಿದೆ ಎಂದು ಪತ್ತೆ ಹಚ್ಚಿದ ಮಕ್ಕಳಿಗೆ ಆ ದೇಶದ ನಾಣ್ಯದ ಹೆಸರು ಗೊತ್ತಿರಲಿಲ್ಲ ನಿಜ. ಆದರೆ ಅಲ್ಲಿ ತಮ್ಮಂಥ ಮಕ್ಕಳಿದ್ದಾರೆ, ಅವರು ಬೇರೆ ರೀತಿಯಲ್ಲಿ ಹಾಡುತ್ತಾರೆ ಎಂಬುದು ಅವರ ಕಿವಿಗೇ ಗೊತ್ತಾಗಿತ್ತು.

ಇಂಥ ಕಥೆಯ ಪಕ್ಕದಲ್ಲಿ ನಮ್ಮದೊಂದನ್ನು ಇಡುವುದು ಅಗತ್ಯ. ಕನ್ನಡದ ಹಲವು ಊರುಗಳಲ್ಲಿ ಹೇಳುವ ಕಥೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ. ಅವಳು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಾಗ ಅವು ಉಸಿರು ಕಟ್ಟಿ, ಅವಳು ನಿದ್ದೆ ಹೋದ ಹೊತ್ತಿನಲ್ಲಿ ಬಾಯಿಂದ ಹೊರಬಿದ್ದು, ಬಾಗಿಲ ಬಳಿ ಗಂಡಸಿನ ಜೋಡು, ಗೂಟದ ಮೇಲೆ ಅಂಗಿ ಆಗಿ ಕಾಣಿಸಿಕೊಂಡು ಮನೆಯಲ್ಲಿ ಜಗಳ ಹುಟ್ಟಿಸುತ್ತವೆ. ಅಲ್ಲಿ ಕಥೆಗಳು ದೇವರ ಬಳಿ ಸೆರೆಯಾಗಿದ್ದವು, ಇಲ್ಲಿ ಒಬ್ಬಳ ಹೊಟ್ಟೆಯೊಳಗೆ. ಅಲ್ಲಿ ಬಿಡಿಸಲು ಜೇಡ ಬೇಕಾಯಿತು, ಇಲ್ಲಿ ಅವೇ ತಪ್ಪಿಸಿಕೊಂಡವು. ಎರಡನ್ನೂ ಕೇಳಿದ ಐದನೆಯ ತರಗತಿಯ ಮಕ್ಕಳು ತಾವಾಗಿಯೇ ಕೇಳುವ ಪ್ರಶ್ನೆಗಳಿಗೆ ಪಠ್ಯಪುಸ್ತಕದ ಯಾವ ಅಭ್ಯಾಸವೂ ಸಮನಾಗಲಾರದು. ಹಂಸಗಳು ಕಚ್ಚಿ ಹಿಡಿದ ಕೋಲಿಗೆ ಜೋತು ಹಾರುತ್ತ ಬಾಯಿಬಿಟ್ಟು ಬಿದ್ದ ಆಮೆ ನಮ್ಮ ಮಕ್ಕಳಿಗೆಲ್ಲ ಗೊತ್ತು. 11ನೆಯ ಶತಮಾನದಲ್ಲಿಯೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದಾನೆ. ನೈಜೀರಿಯಾದ ಇಗ್ಬೊ ಜನರಲ್ಲಿ ಇನ್ನೊಂದು ಆಮೆಯಿದೆ: ಹಕ್ಕಿಗಳಿಂದ ಗರಿ ಎರವಲು ಪಡೆದು ಅವುಗಳೊಡನೆ ಆಕಾಶದ ಔತಣಕ್ಕೆ ಹೋಗುತ್ತದೆ, ತನ್ನ ಹೆಸರು ‘ನೀವೆಲ್ಲರೂ’ ಎಂದು ಮೊದಲೇ ಹೇಳಿಟ್ಟು, ‘ಇದು ನಿಮ್ಮೆಲ್ಲರಿಗೂ’ ಎಂದು ಬಡಿಸಿದ ಊಟವನ್ನು ತಾನೇ ಉಣ್ಣುತ್ತದೆ, ಸಿಟ್ಟಾದ ಹಕ್ಕಿಗಳು ಗರಿ ಕಿತ್ತುಕೊಂಡಾಗ ಬಿದ್ದು ಚಿಪ್ಪು ಒಡೆದುಕೊಳ್ಳುತ್ತದೆ. ಆಮೆಯ ಚಿಪ್ಪು ಇಂದಿಗೂ ತೇಪೆ ಹಾಕಿದಂತೆ ಕಾಣುವುದಕ್ಕೆ ಅವರು ಹೇಳುವ ಕಾರಣ ಇದು. ನಮ್ಮ ಆಮೆ ಮಾತಿನ ಚಟಕ್ಕೆ ಬಿತ್ತು, ಅವರ ಆಮೆ ಹೊಟ್ಟೆಬಾಕತನಕ್ಕೆ ಬಿತ್ತು ಎಂದು ಮಕ್ಕಳೇ ವಾದಕ್ಕೆ ಇಳಿಯುತ್ತಾರೆ.

ದೊಡ್ಡ ತರಗತಿಗಳಲ್ಲಿ ಇದೇ ಕಥೆಗಳು ಚರಿತ್ರೆಯ ಪಾಠಕ್ಕೂ ಒದಗುತ್ತವೆ. ಅಟ್ಲಾಂಟಿಕ್ ಸಾಗರದಾಚೆಗೆ ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಬಳಿ ತರಲು ಬೇರೇನೂ ಇರಲಿಲ್ಲ, ಕಥೆಗಳಿದ್ದವು. ಅನಾನ್ಸೆ ಹೀಗೆ ಜಮೈಕಾ, ಸುರಿನಾಮ್ ಮೊದಲಾದ ಕಡೆ ನೆಲೆಸಿದ. ಕಬ್ಬಿನ ತೋಟದಲ್ಲಿ ಒಡೆಯನ ಚಾಟಿಯ ಕೆಳಗೆ ದುಡಿಯುತ್ತಿದ್ದವರಿಗೆ, ದೊಡ್ಡ ಪ್ರಾಣಿಗಳನ್ನು ಬುದ್ಧಿಯಿಂದ ಗೆಲ್ಲುವ ಈ ಸಣ್ಣ ಜೇಡ ಯಾಕೆ ಅಷ್ಟು ಹತ್ತಿರದವನಾದ ಎಂದು ಏಳನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಗುಲಾಮಗಿರಿಯ ಬಗ್ಗೆ ಇಸವಿಗಳ ಪಟ್ಟಿ ಹೇಳಿಕೊಡಲಾರದ್ದನ್ನು ಅವರು ತಾವೇ ಹೇಳುತ್ತಾರೆ. ಅಂಟಿನ ಗೊಂಬೆಗೆ ಕೈ, ಕಾಲು, ತಲೆ ಒಂದೊಂದಾಗಿ ಸಿಕ್ಕಿಕೊಳ್ಳುವ ಘಟನೆಯಂಥದೇ ನಮ್ಮ ಜಾತಕ ಕಥೆಯೊಂದರಲ್ಲಿದೆ, ಐದು ಆಯುಧಗಳ ರಾಜಕುಮಾರ ಅಂಟುಕೂದಲಿನ ರಾಕ್ಷಸನಿಗೆ ಸಿಕ್ಕಿಬೀಳುವಲ್ಲಿ. ಇವೆರಡಕ್ಕೂ ನಂಟಿದೆಯೇ ಎಂದು ಜಾನಪದ ವಿದ್ವಾಂಸರು ಬಹಳ ಕಾಲ ಚರ್ಚಿಸಿದ್ದಾರೆ.

ಇಲ್ಲಿ ಒಂದು ಎಚ್ಚರ ಬೇಕು. ‘ಆಫ್ರಿಕಾದ ಕಥೆ’ ಎಂಬ ಹಣೆಪಟ್ಟಿ ಯಾವ ಶಾಲೆಯಲ್ಲಿಯೂ ಬಳಕೆಯಾಗಬಾರದು. ಆಫ್ರಿಕಾ ಐವತ್ತಕ್ಕೂ ಹೆಚ್ಚು ದೇಶಗಳ, ಲೆಕ್ಕವಿಲ್ಲದಷ್ಟು ನುಡಿಗಳ ಖಂಡ. ಯಾರ ಕಥೆ, ಯಾವ ನಾಡಿನದು ಎಂಬುದನ್ನು ಪ್ರತಿ ಸಲವೂ ಹೇಳಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಬಹುಪಾಲು ಆಫ್ರಿಕಾದ ಪೂರ್ವ ಮತ್ತು ಆಗ್ನೇಯ ಕರಾವಳಿಯ ಕಡೆಯವರು. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಈ ಸಮುದಾಯದ ಮಗುವಿಗೆ ಘಾನಾದ ಜೇಡ ನಮಗೆಷ್ಟು ದೂರವೋ ಅಷ್ಟೇ ದೂರ. ‘ಇದು ನಿಮ್ಮ ಕಥೆ’ ಎಂದು ಅದರ ಕಡೆ ಬೆರಳು ತೋರಿಸುವುದು ಕಾಡಿಗೆ ಬಳಿಯುವಷ್ಟೇ ತಪ್ಪು. ಪೂರ್ವ ಆಫ್ರಿಕಾದ ಸ್ವಾಹಿಲಿ ಕಥೆಗಳಲ್ಲಿ ಜೇಡನ ಜಾಗದಲ್ಲಿ ಇರುವವನು ಸುಂಗುರ ಎಂಬ ಮೊಲ. ಸಿಂಹವನ್ನು ಬಾವಿಗೆ ಕೆಡವಿದ ನಮ್ಮ ಮೊಲವನ್ನು ಬಲ್ಲ ಮಕ್ಕಳು ಅವನನ್ನು ಬೇಗ ಒಲಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿದ್ದಿಗಳು ಇಂದು ಕೊಂಕಣಿಯಲ್ಲಿ, ಕನ್ನಡದಲ್ಲಿ ಹಾಡುವ, ಡಮಾಮಿಯ ಬಡಿತಕ್ಕೆ ಕುಣಿಯುವ ಹಾಡುಗಳೇ ನಮ್ಮ ಮನೆಯಂಗಳಕ್ಕೆ ಬಂದು ನಿಂತಿರುವ ಲೋಕಸಂಸ್ಕೃತಿ. 1980ರ ದಶಕದಲ್ಲಿ ನೀನಾಸಂನವರು ಮಂಚೀಕೇರಿ ಭಾಗದ ಸಿದ್ದಿಗಳೊಂದಿಗೆ ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ ಕನ್ನಡ ನಾಟಕ ಕಟ್ಟಿದಾಗ ಆ ಹಾಡು–ಕುಣಿತಗಳಿಗೆ ರಂಗದ ಮೇಲೆ ಸಿಕ್ಕ ಗೌರವ ಶಾಲೆಯ ಅಂಗಳದಲ್ಲಿಯೂ ಸಿಗಬೇಕು.

‘ನಮ್ಮ ಜನಪದವೇ ನಮ್ಮ ಮಕ್ಕಳಿಗೆ ಗೊತ್ತಿಲ್ಲ, ಪರದೇಶದ್ದು ಯಾಕೆ?’ ಎಂದು ಕೇಳುವವರಿದ್ದಾರೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರಂಥ ಹಾಡಿನ ಕಣಜವನ್ನು 2025ರಲ್ಲಿ ಕಳೆದುಕೊಂಡ ನಮಗೆ ಈ ಪ್ರಶ್ನೆ ಚುರುಕು ಮುಟ್ಟಿಸಬೇಕಾದದ್ದೇ. ಆದರೆ ಇವೆರಡೂ ಒಂದಕ್ಕೊಂದು ಎದುರು ನಿಲ್ಲುವಂಥವಲ್ಲ ಎಂಬುದಕ್ಕೆ ಹಂಗೇರಿಯ ಉದಾಹರಣೆ ಇದೆ. ಕಳೆದ ಶತಮಾನದ ಮೊದಲ ದಶಕದಲ್ಲಿ ಜೊಲ್ತಾನ್ ಕೊಡಾಯ್ ಮತ್ತು ಬೇಲಾ ಬಾರ್ಟೊಕ್ ಎಂಬ ಇಬ್ಬರು ಯುವ ಸಂಗೀತಗಾರರು ಮೇಣದ ಉರುಳೆಯ ಫೋನೊಗ್ರಾಫ್ ಹೊತ್ತುಕೊಂಡು ಹಳ್ಳಿಗಳನ್ನು ಸುತ್ತಿ ರೈತರ ಹಾಡುಗಳನ್ನು ಮುದ್ರಿಸಿಕೊಂಡರು. ಮಗುವಿಗೆ ತನ್ನ ನೆಲದ ಜನಪದ ಹಾಡೇ ಸಂಗೀತದ ತಾಯ್ನುಡಿ, ಕಲಿಕೆ ಅಲ್ಲಿಂದ ಶುರುವಾಗಬೇಕು, ಅದೂ ವಾದ್ಯಕ್ಕಿಂತ ಮೊದಲು ಕೊರಳಿನಿಂದ ಎಂಬುದು ಕೊಡಾಯ್ ಅವರ ನಿಲುವು. 1950ರಲ್ಲಿ ಅವರ ಹುಟ್ಟೂರು ಕೆಚ್‌ಕೆಮೆಟ್‌ನಲ್ಲಿ ಈ ಕ್ರಮದ ಪ್ರಾಥಮಿಕ ಶಾಲೆ ಆರಂಭವಾಯಿತು. ಅಲ್ಲಿ ಹಾಡುವುದು ಓದು–ಬರಹದಷ್ಟೇ ನಿತ್ಯದ ಪಾಠ. 2016ರಲ್ಲಿ ಯುನೆಸ್ಕೊ ಈ ವಿಧಾನವನ್ನು ಜನಪದ ಸಂಗೀತ ಉಳಿಸುವ ಮಾದರಿ ಕ್ರಮಗಳ ಪಟ್ಟಿಗೆ ಸೇರಿಸಿತು.

ಬಾರ್ಟೊಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮವರ ಹಾಡಿನಷ್ಟೇ ಅಕ್ಕರೆಯಿಂದ ಸ್ಲೊವಾಕ್, ರೊಮೇನಿಯನ್ ಹಾಡುಗಳನ್ನು ಸಂಗ್ರಹಿಸಿದರು, 1913ರಲ್ಲಿ ಅಲ್ಜೀರಿಯಾಕ್ಕೆ, 1936ರಲ್ಲಿ ಟರ್ಕಿಗೆ ಹೋದರು. 1931ರಲ್ಲಿ ಕಲಿಯುವ ಮಕ್ಕಳಿಗೆಂದು ಎರಡು ಪಿಟೀಲುಗಳಿಗೆ 44 ಪುಟ್ಟ ರಚನೆಗಳನ್ನು ಮಾಡಿದಾಗ ಅವುಗಳಿಗೆ ಹಂಗೇರಿಯ ಧಾಟಿಗಳ ಜೊತೆ ನೆರೆನಾಡುಗಳ ಧಾಟಿಗಳನ್ನೂ ಅರಬ್ಬೀ ಧಾಟಿಯನ್ನೂ ತಂದರು. ನೆರೆಯವರ ಹಾಡನ್ನು ಮೆಚ್ಚಿದ್ದಕ್ಕೆ ತಮ್ಮವರಿಂದಲೇ ಬೈಸಿಕೊಂಡರು. ಯುರೋಪು ಯುದ್ಧದಲ್ಲಿ ಉರಿಯುತ್ತಿದ್ದ 1942ರಲ್ಲಿ ಅವರು ಬರೆದ ಲೇಖನವೊಂದರಲ್ಲಿ, ಜನಾಂಗಗಳ ನಡುವೆ ಧಾಟಿಗಳ ಕೊಡುಕೊಳ್ಳುವಿಕೆ ನಡೆದದ್ದರಿಂದಲೇ ಆ ಭಾಗದ ಜನಪದ ಸಂಗೀತ ಅಷ್ಟು ಸಂಪನ್ನವಾಯಿತು ಎಂದು ವಾದಿಸಿದರು. ನಮ್ಮ ಮಕ್ಕಳಿಗೂ ಈ ಕ್ರಮವೇ ಸರಿ: ಬೀಸುವ ಪದ, ಕೋಲಾಟದ ಪದ, ಸೋಬಾನೆ ಗಂಟಲಿಗೆ ಹತ್ತಿದ ಮೇಲೆ ದೂರದ ಹಾಡು ಬರಲಿ. ಮೋಹನ ರಾಗದ ಐದು ಸ್ವರಗಳನ್ನು ಬಲ್ಲ ಮಗುವಿಗೆ ಚೀನಾದ, ಸ್ಕಾಟ್ಲೆಂಡಿನ ಎಷ್ಟೋ ಜನಪದ ಧಾಟಿಗಳು ಇದೇ ಐದು ಸ್ವರಗಳ ಮೇಲೆ ನಿಂತಿವೆ ಎಂದು ಹಾಡಿ ತೋರಿಸಿದರೆ ಅದಕ್ಕಾಗುವ ಬೆರಗು ನಾನು ಕಂಡದ್ದು. ಸ್ವರ ಒಂದೇ ಆದರೂ ನಮ್ಮ ಗಮಕ ಅಲ್ಲಿಲ್ಲ, ಅಲ್ಲಿನ ನಡೆ ಇಲ್ಲಿಲ್ಲ ಎಂಬುದನ್ನೂ ಜೊತೆಗೇ ಕೇಳಿಸಬೇಕು.

ಇದಕ್ಕೆಲ್ಲ ಹೊಸ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ಒಂದರಿಂದ ಮೂರನೆಯ ತರಗತಿಯ ನಲಿ–ಕಲಿಯಲ್ಲಿ ಹಾಡು, ಕಥೆಗಳಿಗೆ ಈಗಾಗಲೇ ಜಾಗವಿದೆ. ನಾಲ್ಕನೆಯ ತರಗತಿಗೆ ಬಂದೊಡನೆ ಅವು ಮಾಯವಾಗುವುದನ್ನು ತಡೆಯಬೇಕು. ಬ್ಯಾಗ್‌ರಹಿತ ಸಂಭ್ರಮ ಶನಿವಾರಗಳನ್ನು ಇದಕ್ಕೆ ಬಳಸಬಹುದು. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆ ಇದೆಯಾದರೂ ಅಲ್ಲಿ ಮಗು ತೀರ್ಪುಗಾರರ ಕಡೆ ನೋಡುತ್ತ ಉರು ಹೊಡೆದದ್ದನ್ನು ಒಪ್ಪಿಸುತ್ತದೆ. ‘ಹೂಂ’ಗುಟ್ಟುವವರಾಗಲಿ ನಡುವೆ ಹಾಡುವವರಾಗಲಿ ಇರುವುದಿಲ್ಲ. ಕೇಳುಗರೂ ಸೇರಿಕೊಳ್ಳುವ ಗುಂಪು ಕಥನಕ್ಕೆ ಅಲ್ಲಿ ಅವಕಾಶ ಮಾಡಿಕೊಟ್ಟು, ಛದ್ಮವೇಷದಲ್ಲಿ ಯಾವ ಸಮುದಾಯದ ಮೈಬಣ್ಣವನ್ನೂ ಅಣಕಿಸಬಾರದೆಂಬ ಸ್ಪಷ್ಟ ಸೂಚನೆಯನ್ನು ಇಲಾಖೆ ಹೊರಡಿಸಬೇಕು.

ಸಂಗೀತ ಶಿಕ್ಷಕರಿಲ್ಲದ ಸರ್ಕಾರಿ ಶಾಲೆಗಳೇ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಹುದ್ದೆ ತುಂಬುವವರೆಗೆ ಕಾಯದೆ ಊರಿನ ಹಾಡುಗಾರರನ್ನು ಶಾಲೆಗೆ ಕರೆಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಸ್ಥಳೀಯ ಕಲಾವಿದರನ್ನು ಬೋಧಕರಾಗಿ ನೇಮಿಸಿಕೊಳ್ಳುವ ಮಾತಿತ್ತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದ ನಿಲುವು ಬೇರೆಯಾದರೂ ಈ ಒಂದು ಮಾತನ್ನು ಬಿಡಬೇಕಾಗಿಲ್ಲ. ಆದರೆ ಕರೆಸಿ, ಶಾಲು ಹೊದಿಸಿ, ಫೋಟೊ ತೆಗೆಸಿ ಕಳುಹಿಸುವ ಪದ್ಧತಿ ನಿಲ್ಲಬೇಕು. ಹಾಡು ಹೇಳಿಕೊಡಲು ಬಂದವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಬಸ್ ಚಾರ್ಜು, ಊಟ, ಮರ್ಯಾದೆಯ ಗೌರವಧನ ಮೊದಲೇ ನಿಗದಿಯಾಗಿರಬೇಕು. ಯಾವ ಹಾಡನ್ನು ಶಾಲೆಯಲ್ಲಿ ಹಾಡಬಹುದು, ಯಾವುದನ್ನು ಪೂಜೆಯಲ್ಲೋ ಸಾವಿನ ಮನೆಯಲ್ಲೋ ಮಾತ್ರ ಹಾಡಬೇಕು ಎಂಬುದನ್ನು ನಿರ್ಧರಿಸುವ ಹಕ್ಕೂ ಅವರದೇ. ದೂರದೇಶದ ಹಾಡುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಂತರ್ಜಾಲದಲ್ಲಿ ಸಿಕ್ಕಿತೆಂದು ಯಾರದೋ ಶ್ರಾದ್ಧದ ಹಾಡಿಗೆ ಮಕ್ಕಳನ್ನು ಕುಣಿಸಬಾರದು.

ಧ್ವನಿಮುದ್ರಣಗಳ ವಿಷಯದಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಇರುವ ಜಾನಪದ ವಿಶ್ವವಿದ್ಯಾಲಯ ದೊಡ್ಡ ಉಪಕಾರ ಮಾಡಬಹುದು. ಬೇರೆ ಬೇರೆ ನಾಡುಗಳ ಮಕ್ಕಳ ಹಾಡು, ಕಥೆಗಳನ್ನು ಆಯ್ದು, ಹಾಡಿದವರು ಯಾರು, ಯಾವ ಸಂದರ್ಭದ್ದು, ಅರ್ಥವೇನು ಎಂಬ ಕನ್ನಡ ವಿವರಣೆಯೊಂದಿಗೆ ಶಿಕ್ಷಕರಿಗೆ ಒದಗಿಸುವುದು ಅಲ್ಲಿನ ವಿದ್ವಾಂಸರಿಗೆ ಭಾರವಾಗಲಾರದು. ಹೊರದೇಶಗಳ ಕನ್ನಡ ಕೂಟಗಳು ನಡೆಸುವ ಕನ್ನಡ ತರಗತಿಗಳ ಮಕ್ಕಳು ತಮ್ಮ ನೆರೆಹೊರೆಯ ಗೆಳೆಯರ ಹಾಡೊಂದನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿನ ಒಂದು ಶಾಲೆಗೆ ಕಳುಹಿಸಿ, ಪ್ರತಿಯಾಗಿ ಇಲ್ಲಿಂದ ಒಂದು ಹಾಡು ಪಡೆಯುವ ಏರ್ಪಾಡನ್ನೂ ಸುಲಭವಾಗಿ ಮಾಡಬಹುದು.

ಕೊನೆಯದಾಗಿ ತಮ್ಮ ಪತ್ರಿಕೆಗೇ ಒಂದು ವಿನಂತಿ. ಮಕ್ಕಳ ಪುರವಣಿಗಳಲ್ಲಿ ‘ವಿದೇಶೀ ಕಥೆ’, ‘ಆಫ್ರಿಕಾದ ಕಥೆ’ ಎಂಬ ತಲೆಬರಹದಲ್ಲಿ ಬರುವ ಕಥೆಗಳಿಗೆ ಜನಸಮುದಾಯದ ಹೆಸರನ್ನೂ ನಾಡಿನ ಹೆಸರನ್ನೂ ತಪ್ಪದೆ ಕೊಡಬೇಕು. ಕೊನೆಗೆ ನೀತಿವಾಕ್ಯ ಸೇರಿಸುವುದನ್ನು ಬಿಟ್ಟು, ಆ ಜಾಗದಲ್ಲಿ ಕಥೆಯನ್ನು ಅಲ್ಲಿ ಹೇಗೆ ಹೇಳುತ್ತಾರೆ, ಕೇಳುವವರು ಏನೆಂದು ಉತ್ತರಿಸುತ್ತಾರೆ, ಎಲ್ಲಿ ಹಾಡು ಬರುತ್ತದೆ ಎಂಬ ನಾಲ್ಕು ಸಾಲು ಹಾಕಿದರೆ ಶಿಕ್ಷಕರು ಸೋಮವಾರವೇ ಅದನ್ನು ತರಗತಿಯಲ್ಲಿ ಬಳಸಬಹುದು. ಹಾಗೆ ಬಳಸಿದವರು ತಮ್ಮ ಮಕ್ಕಳು ಕಟ್ಟಿದ ಪಲ್ಲವಿಗಳನ್ನು, ಕೇಳಿದ ಪ್ರಶ್ನೆಗಳನ್ನು ಬರೆದು ಕಳುಹಿಸಲು ಪುರವಣಿಯಲ್ಲಿ ಅರ್ಧ ಪುಟ ಬಿಟ್ಟುಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಯಲ್ಲಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ